ಎತ್ತಿಗೆ ಜ್ವರ, ಎಮ್ಮೆಗೆ ಸ್ಪೇಸರ್

"ಸ್ಪೇಸರ್ ಹಾಕ್ಸಿಬಿಡಿ ಸಾರ್, ಎಲ್ಲಾ ಸರಿಹೋಗತ್ತೆ."

ಹಳೇ ಕಾರು ಇಟ್ಕೊಂಡಿರೋ ಬೆಂಗಳೂರಿಗರು ಈ ಮಾತನ್ನ ಒಂದಲ್ಲ ಒಂದು ಟಯರ್ ಅಂಗಡಿಯಲ್ಲಿ ಕೇಳೇ ಇರ್ತಾರೆ. ಹೊಸ ಅಲಾಯ್ ಕೂರಿಸಿ, ಅಗಲದ ಟಯರ್ ತೊಡಿಸಿ, ಫೋಟೋ ಎಲ್ಲಾ ಆದಮೇಲೆ ಮೊದಲನೇ ಸ್ಪೀಡ್ ಬ್ರೇಕರ್‌ನಲ್ಲಿ "ಜ್ರ್‌ರ್..." ಅಂತ ಶಬ್ದ ಬರತ್ತೆ. ಗಾಬರಿಯಾಗಿ ವಾಪಸ್ ಹೋದ್ರೆ ಈ ವಾಕ್ಯ ರೆಡಿ ಇರತ್ತೆ. ಹೇಳೋ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಅವನು ಅಂಗಡಿಯಲ್ಲಿರೋದನ್ನ ಮಾರ್ತಾನೆ, ಅಷ್ಟೇ. ನನ್ನ ಜಗಳ ಇರೋದು ಆ ವಾಕ್ಯದ ಜೊತೆ, ಮತ್ತೆ ಅದನ್ನ ಕೇಳಿ "ಓಕೆ, ಎಷ್ಟಾಗತ್ತೆ?" ಅಂತ ಮಾತ್ರ ಕೇಳೋ ನಮ್ಮ ಜೊತೆ.

ಗೊತ್ತಿಲ್ಲದವರಿಗೆ ಒಂದು ಮಾತು. ಸ್ಪೇಸರ್ ಅಂದ್ರೆ ಅಲ್ಯೂಮಿನಿಯಂನ ಒಂದು ದಪ್ಪ ಬಿಲ್ಲೆ. ಚಕ್ರ ಕೂರೋ ಹಬ್ಬಿಗೂ ರಿಮ್ಮಿಗೂ ನಡುವೆ ಸಿಕ್ಕಿಸ್ತಾರೆ. 10 ಮಿ.ಮೀ. ದಪ್ಪದ ಬಿಲ್ಲೆ ಹಾಕಿದ್ರೆ ಚಕ್ರ 10 ಮಿ.ಮೀ. ಹೊರಗೆ ಬರತ್ತೆ. ಒಳಗಡೆ ಎಲ್ಲೋ ಉಜ್ಜುತ್ತಿದ್ದ ಟಯರ್ ಅಲ್ಲಿಂದ ಆಚೆ ಸರಿಯತ್ತೆ. ಕೆಲಸ ಅರ್ಧ ಗಂಟೆ, ಖರ್ಚು ಇಂದಿರಾನಗರದ ಒಂದು ಶುಕ್ರವಾರದ ಸಂಜೆಗಿಂತ ಕಡಿಮೆ. ಇಷ್ಟು ಸಲೀಸಾದ ಪರಿಹಾರ ಯಾರಿಗೆ ಬೇಡ?

ಉಜ್ಜೋದು ಯಾಕೆ ಶುರುವಾಯ್ತು ಅಂತ ಮಾತ್ರ ಯಾರೂ ಕೇಳಲ್ಲ.

ನಾನು ನೋಡ್ತಿರೋ ಹಾಗೆ ಕಥೆ ಹೆಚ್ಚುಕಮ್ಮಿ ಒಂದೇ. ಅಪ್ಪನದ್ದೋ ದೊಡ್ಡಪ್ಪನದ್ದೋ ಪ್ರೀಮಿಯರ್ ಪದ್ಮಿನಿ ಹಾಸನದಲ್ಲೋ ಶಿವಮೊಗ್ಗದಲ್ಲೋ ಶೆಡ್ಡಿನಲ್ಲಿ ನಿಂತಿರತ್ತೆ. ಮಗ ವೈಟ್‌ಫೀಲ್ಡ್‌ನಲ್ಲಿ ಕೆಲಸ ಹಿಡಿದು ನಾಲ್ಕು ವರ್ಷ ಆದಮೇಲೆ ಅದರ ನೆನಪಾಗತ್ತೆ. ಮುಂಬೈಯಲ್ಲಿ 2023ರ ಅಕ್ಟೋಬರ್ ಕೊನೆಗೆ ಕಡೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದ ಸುದ್ದಿ ಓದಿ ಕಣ್ಣು ಒದ್ದೆ ಮಾಡಿಕೊಂಡವರೂ ಇದೇ ಗುಂಪು. ಕಾರು ಬೆಂಗಳೂರಿಗೆ ಬರತ್ತೆ. ಪೇಂಟು, ಸೀಟು, ಕ್ರೋಮು ಎಲ್ಲಾ ಚೆನ್ನಾಗೇ ಆಗತ್ತೆ. ಪಾಪ, ಪ್ರೀತಿಯಿಂದಾನೇ ಮಾಡಿಸ್ತಾರೆ. ಕೊನೆಗೆ ಕಣ್ಣು ಬೀಳೋದು ಚಕ್ರದ ಮೇಲೆ. "ಥೂ, ಎಷ್ಟು ಸಣ್ಣ ಇದೆ ಗುರು, ಸೈಕಲ್ ಟಯರ್ ಥರ!" ಅಲ್ಲಿಂದ ಕೆಡತ್ತೆ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಎಂಜಿನಿಯರ್‌ಗಳೇ ಜಾಸ್ತಿ ಓದ್ತಿರೋದ್ರಿಂದ ಕ್ಷಮೆ ಕೇಳೋ ಅಗತ್ಯ ಇಲ್ಲ ಅಂದ್ಕೊಂಡಿದೀನಿ.

ಪದ್ಮಿನಿಗೆ, ಅದರ ಮೂಲವಾದ ಫಿಯಟ್ 1100ಡಿಗೆ ಕಂಪನಿ ಕೊಟ್ಟ ಟಯರ್ 5.20-14. ಅಂದ್ರೆ 14 ಇಂಚಿನ ರಿಮ್ಮಿನ ಮೇಲೆ 5.20 ಇಂಚು ಅಗಲದ ಟಯರ್. ಮಿಲಿಮೀಟರಿಗೆ ತಂದ್ರೆ ಸುಮಾರು 132. ನಮ್ಮ ಹುಡುಗ ಹಾಕ್ಸೋದು 185/60 ಆರ್14. ಅಗಲ 185 ಮಿ.ಮೀ. ವ್ಯತ್ಯಾಸ 53. ಸರಿಯಾಗಿ ನಡುವೆ ಕೂತ್ರೂ ಒಳಗೆ 26, ಹೊರಗೆ 26 ಮಿ.ಮೀ. ಹೆಚ್ಚು ಜಾಗ ಬೇಕು. ಹೆಬ್ಬೆರಳಿನ ಅಗಲ ಅಂದ್ಕೊಳ್ಳಿ. 1960ರ ದಶಕದಲ್ಲಿ ಸಣ್ಣ ಟಯರಿಗೆ ಅಂತಲೇ ಬಗ್ಗಿಸಿದ ತಗಡಿನ ಒಳಗೆ ಎರಡು ಹೆಬ್ಬೆರಳು ತುರುಕಬೇಕು. ಎಲ್ಲಿಂದ ಬರತ್ತೆ ಜಾಗ?

ಇಷ್ಟೇ ಆಗಿದ್ರೆ ಒಂದು ಲೆಕ್ಕ. ಅಲಾಯ್ ರಿಮ್ ಬಂದಿರೋದು ಯಾವುದೋ ಇವತ್ತಿನ ಹ್ಯಾಚ್‌ಬ್ಯಾಕ್‌ಗೆ ಅಂತ. ಪ್ರತೀ ರಿಮ್ಮಿಗೂ ಆಫ್‌ಸೆಟ್ ಅಂತ ಒಂದು ಅಳತೆ ಇರತ್ತೆ. ರಿಮ್ಮಿನ ನಡುಗೆರೆಯಿಂದ, ಹಬ್ಬಿಗೆ ಅಂಟೋ ಮುಖ ಎಷ್ಟು ದೂರದಲ್ಲಿದೆ ಅನ್ನೋದು. ರಿಮ್ಮಿನ ಮೇಲೇ ಇಟಿ ಅಂತ ಅಚ್ಚು ಹಾಕಿರ್ತಾರೆ. ಇವತ್ತಿನ ಮುಂಗಾಲಿ ಎಳೆತದ ಸಣ್ಣ ಕಾರುಗಳಲ್ಲಿ ಇಟಿ 35ರಿಂದ 45 ಸಾಮಾನ್ಯ. ಅಂಥ ರಿಮ್ಮು ಹಳೇ ಕಾರಿಗೆ ಹಾಕಿದ್ರೆ ಚಕ್ರ ಇರಬೇಕಾದ ಜಾಗಕ್ಕಿಂತ ಒಳಗೆ ಹೋಗಿ ಕೂರತ್ತೆ. ಮುಂದೆ ಸ್ಟಿಯರಿಂಗ್ ರಾಡಿನ ಹತ್ತಿರ, ಹಿಂದೆ ಲೀಫ್ ಸ್ಪ್ರಿಂಗಿನ ಹತ್ತಿರ. ಆಗ ಉಜ್ಜದೇ ಇನ್ನೇನು ಮಾಡತ್ತೆ? ಆ ಉಜ್ಜೋದನ್ನ ನಿಲ್ಲಿಸೋಕೆ ಸ್ಪೇಸರ್. ಸ್ಪೇಸರ್ ಹಾಕಿದ್ಮೇಲೆ ಟಯರಿನ ಹೊರ ಅಂಚು ಮಡ್‌ಗಾರ್ಡಿನ ತುಟಿಗೆ ತಾಗತ್ತೆ. ಅದಕ್ಕೆ ಮಡ್‌ಗಾರ್ಡಿನ ತುಟಿಯನ್ನ ಸುತ್ತಿಗೆಯಲ್ಲಿ ಮಡಚೋದು. ಅಗಲದ ಟಯರಿನಿಂದ ಸ್ಟಿಯರಿಂಗ್ ಭಾರ ಆಗತ್ತೆ, ಪದ್ಮಿನಿಗೆ ಪವರ್ ಸ್ಟಿಯರಿಂಗ್ ಎಲ್ಲಿಂದ ಬರಬೇಕು? ಅದಕ್ಕೊಂದು ಎಲೆಕ್ಟ್ರಿಕ್ ಕಿಟ್. 1089 ಸಿಸಿಯ ಆ ಬಡಪಾಯಿ ಎಂಜಿನ್‌ಗೆ ಎಲ್ಲಾ ಸೇರಿ ಇರೋದೇ ಸುಮಾರು 40 ಕುದುರೆ. ಅದು ಈ ರಬ್ಬರ್ ಎಲ್ಲಾ ಎಳೆದು ಸುಸ್ತಾಗಿ ಪಿಕಪ್ ಇಲ್ಲ ಅನ್ನೋ ದೂರು ಬೇರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಗಾದೆ ಕೇಳಿದೀವಿ. ಇಲ್ಲಿ ಕೊಟ್ಟಿಗೆಯಲ್ಲಿರೋ ಎಲ್ಲಾ ದನಕ್ಕೂ ಬರೆ ಬಿದ್ದಿದೆ, ಎತ್ತು ಮಾತ್ರ ಹಾಗೇ ನರಳ್ತಾ ಇದೆ.

ನೀವು ಆಫೀಸಿನಲ್ಲಿ ಹೀಗೆ ಮಾಡ್ತೀರಾ? ರಾತ್ರಿ ಎರಡು ಗಂಟೆಗೆ ಸರ್ವರ್ ಅಲರ್ಟ್ ಬಂದ್ರೆ, ಅಲರ್ಟನ್ನ ಮ್ಯೂಟ್ ಮಾಡಿ "ಫಿಕ್ಸ್ ಆಯ್ತು" ಅಂತ ಟಿಕೆಟ್ ಕ್ಲೋಸ್ ಮಾಡ್ತೀರಾ? (ಮಾಡೋರು ಇದ್ದಾರೆ, ಗೊತ್ತು. ಅವರ ಜೊತೆ ಕೆಲಸ ಮಾಡಿದೀನಿ.) ಟಯರ್ ಉಜ್ಜೋದು ಅಂಥದ್ದೇ ಒಂದು ಅಲರ್ಟ್. ಎಲ್ಲಿ ಉಜ್ಜತ್ತೆ, ಯಾವಾಗ ಉಜ್ಜತ್ತೆ ಅನ್ನೋದ್ರಲ್ಲೇ ಕಾರಿನ ಅರ್ಧ ಜಾತಕ ಇರತ್ತೆ.

ಪತ್ತೆ ಹಚ್ಚೋಕೆ ದೊಡ್ಡ ಉಪಕರಣ ಬೇಕಿಲ್ಲ. ಒಂದು ಸೀಮೆಸುಣ್ಣ ಸಾಕು. ಟಯರಿನ ಒಳಗೋಡೆ, ಹೊರಗೋಡೆ, ಭುಜ ಎಲ್ಲಾ ಕಡೆ ದಪ್ಪಗೆ ಬಳಿದು ಅಪಾರ್ಟ್‌ಮೆಂಟ್ ಒಳಗೇ ಒಂದು ಸುತ್ತು ಹೊಡೀರಿ. ಒಂದು ಸಲ ಒಬ್ಬರೇ, ಒಂದು ಸಲ ಹಿಂದಿನ ಸೀಟಲ್ಲಿ ಮೂರು ಜನರನ್ನ ಕೂರಿಸ್ಕೊಂಡು. ಸ್ಟಿಯರಿಂಗನ್ನ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಸ್ಪೀಡ್ ಬ್ರೇಕರ್ ಮೇಲೆ ಒಂದು ಸಲ ಹತ್ತಿ ಇಳೀರಿ. ಆಮೇಲೆ ಟಾರ್ಚ್ ಹಿಡ್ಕೊಂಡು ಬಗ್ಗಿ ನೋಡಿ, ಸುಣ್ಣ ಎಲ್ಲಿ ಅಳಿಸಿದೆ, ಆ ಬಿಳಿ ಎಲ್ಲಿ ಹೋಗಿ ಮೆತ್ತಿದೆ ಅಂತ.

ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ತಾಗಿದ್ರೆ ಅದು ಒಂದು ಥರ. ಚಕ್ರ ಇಷ್ಟಕ್ಕಿಂತ ಹೆಚ್ಚು ತಿರುಗದ ಹಾಗೆ ಸ್ಟಿಯರಿಂಗಿಗೆ ತಡೆ ಇರತ್ತೆ. ಅದು ಸವೆದಿದೆಯಾ, ಯಾರಾದ್ರೂ ಹಿಂದೆ ಬಿಚ್ಚಿ ತಪ್ಪಾಗಿ ಕೂರಿಸಿದಾರಾ ಅಂತ ನೋಡಬೇಕು. ಹಿಂದೆ ಜನ ಕೂತಾಗ ಮಾತ್ರ ತಾಗಿದ್ರೆ ಮೊದಲ ಅನುಮಾನ ಲೀಫ್ ಸ್ಪ್ರಿಂಗ್ ಮೇಲೆ. ನಲವತ್ತು ವರ್ಷ ಸಂಸಾರದ ಭಾರ ಹೊತ್ತ ಸ್ಪ್ರಿಂಗು ಬಿಲ್ಲಿನ ಥರ ಬಾಗಿರೋದು ಬಿಟ್ಟು ಹಲಗೆ ಥರ ನೇರ ಆಗಿರತ್ತೆ. ಕಾರಿನ ಹಿಂಭಾಗ ಇಳಿದು ಟಯರು ಮಡ್‌ಗಾರ್ಡಿಗೆ ಹತ್ತಿರ ಬಂದಿರತ್ತೆ. ಇದಕ್ಕೆ ಸ್ಪೇಸರ್ ಹಾಕೋದು ಅಂದ್ರೆ, ಸೂರು ಕುಸಿದು ತಲೆಗೆ ತಾಗ್ತಿದೆ ಅಂತ ಮನೆಯವರೆಲ್ಲಾ ಬಗ್ಗಿ ಓಡಾಡೋದು. ಸ್ಪ್ರಿಂಗ್ ಬಿಚ್ಚಿ, ಬ್ಲೇಡುಗಳಿಗೆ ಮತ್ತೆ ಬಾಗು ಕೊಡಿಸಿ, ಬುಷ್ ಬದಲಾಯಿಸಿದ್ರೆ ಶಬ್ದವೂ ಹೋಗತ್ತೆ, ಕಾರೂ ಎದ್ದು ನಿಲ್ಲತ್ತೆ. ಲಾರಿಗಳಿಗೆ ಈ ಕೆಲಸ ಮಾಡೋರು ಎಲ್ಲಾ ಊರಲ್ಲೂ ಇದ್ದಾರೆ.

ಇನ್ನು ಒಂದೇ ಕಡೆ ಉಜ್ಜಿದ್ರೆ? ಎಡಗಡೆ ಉಜ್ಜತ್ತೆ, ಬಲಗಡೆ ಒಂದಿಂಚು ಜಾಗ ಇದೆ. ಆಗಂತೂ ದಯವಿಟ್ಟು ಸ್ಪೇಸರ್ ಮಾತೇ ಎತ್ತಬೇಡಿ. ಆಕ್ಸಲ್ ತನ್ನ ಜಾಗದಲ್ಲಿ ಇಲ್ಲದೇ ಇರಬಹುದು. ಲೀಫ್ ಸ್ಪ್ರಿಂಗಿನ ಬ್ಲೇಡುಗಳನ್ನ ಒಟ್ಟಿಗೆ ಹಿಡಿದು, ಆಕ್ಸಲನ್ನ ಜಾಗದಲ್ಲಿ ಕೂರಿಸೋ ನಡುವಿನ ಬೋಲ್ಟ್ ಒಂದಿರತ್ತೆ, ಕಿರುಬೆರಳಿನಷ್ಟು. ಅದು ತುಂಡಾದ್ರೆ ಆಕ್ಸಲ್ಲಿನ ಒಂದು ತುದಿ ಹಿಂದಕ್ಕೋ ಮುಂದಕ್ಕೋ ಜಾರತ್ತೆ. ಸ್ಪ್ರಿಂಗಿನ ಬುಷ್ ಸವೆದಿದ್ರೆ ಆಕ್ಸಲ್ ಪಕ್ಕಕ್ಕೂ ಒಂಚೂರು ಆಡತ್ತೆ. ಇಲ್ಲಾ, ಇಪ್ಪತ್ತು ವರ್ಷದ ಹಿಂದೆ ಯಾವುದೋ ಘಾಟಿಯಲ್ಲಿ ಗುದ್ದಿಸಿಕೊಂಡ ಕಾರು, ಬಾಡಿಯೇ ವಾಲಿದೆ. ನಿಜ, ಆ ಕಾಲದ ಕಾರುಗಳು ಹೊಸದರಲ್ಲೂ ಅಳತೆಗೆ ಅಷ್ಟು ನಿಷ್ಠರಾಗಿರಲಿಲ್ಲ. ಬ್ರಿಟನ್ನಿನ ಎಂಜಿಬಿ ಮಾಲೀಕರು ಹಿಂದಿನ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಮಡ್‌ಗಾರ್ಡಿನ ಅಂತರ ಒಂದೇ ಇರಲ್ಲ ಅಂತ ದಶಕಗಳಿಂದ ಗೊಣಗ್ತಾನೇ ಇದ್ದಾರೆ. ಅದಕ್ಕೇ ಮೊದಲು ಅಳೀರಿ ಅನ್ನೋದು. ಅಳತೆ ಮಾಡದೇ ಬಿಲ್ಲೆ ಹಾಕಿದ್ರೆ, ಮುರಿದ ಬೋಲ್ಟು ಹೇಳ್ತಿದ್ದ ಮಾತು ಯಾರಿಗೂ ಕೇಳಿಸಲ್ಲ. ಅದು ಮುಂದೆ ಮಾತಾಡೋದು ನೈಸ್ ರೋಡಿನಲ್ಲಿ.

ಸರಿ, ಎಲ್ಲಾ ನೋಡಿಯೂ ಸ್ಪೇಸರೇ ಬೇಕು ಅಂತಿಟ್ಕೊಳ್ಳಿ. ಅದನ್ನ ನಾವು ಹಾಕಿಸೋ ರೀತಿ ನೋಡಿದ್ರೆ ಮೈ ನಡುಗತ್ತೆ.

ಚಕ್ರವನ್ನ ಹಿಡಿದಿರೋದು ಬೋಲ್ಟುಗಳು ಅಂತ ನಾವೆಲ್ಲ ಅಂದ್ಕೊಂಡಿದೀವಿ, ಗೋಡೆಗೆ ಹೊಡೆದ ಮೊಳೆಗೆ ಕ್ಯಾಲೆಂಡರ್ ನೇತು ಹಾಕಿದ ಹಾಗೆ. ಹಾಗಲ್ಲ. ಬೋಲ್ಟು ರಿಮ್ಮನ್ನ ಹಬ್ಬಿಗೆ ಒತ್ತಿ ಹಿಡಿಯತ್ತೆ. ಆ ಒತ್ತಡದಿಂದ ಎರಡು ಲೋಹದ ಮುಖಗಳ ನಡುವೆ ಹುಟ್ಟೋ ಘರ್ಷಣೆಯೇ ಚಕ್ರವನ್ನ ಜಾರದ ಹಾಗೆ ನೋಡಿಕೊಳ್ಳೋದು. ಒತ್ತಡ ಕಮ್ಮಿಯಾದ ದಿನ ಬೋಲ್ಟು ನಿಜವಾಗ್ಲೂ ಮೊಳೆ ಆಗತ್ತೆ. ಬಗ್ಗಕ್ಕೆ ಶುರುವಾಗತ್ತೆ, ಆಯಾಸಗೊಂಡು ತುಂಡಾಗತ್ತೆ. ಸ್ಪೇಸರ್ ಹಾಕಿದಾಗ ಒಂದು ಜೋಡಿ ಮುಖದ ಜಾಗದಲ್ಲಿ ಎರಡು ಜೋಡಿ ಆಗತ್ತೆ. ಹಬ್ಬಿನ ಮೇಲೆ ನಲವತ್ತು ವರ್ಷದ ತುಕ್ಕು, ಅದರ ಮೇಲೆ ಪೇಂಟು, ಅದರ ಮೇಲೆ ಬಿಲ್ಲೆ. ಓಡಿಸ್ತಾ ಓಡಿಸ್ತಾ ತುಕ್ಕು ಪುಡಿಯಾಗಿ ಉದುರತ್ತೆ, ಪೇಂಟು ತೆಳುವಾಗತ್ತೆ, ಒತ್ತಡ ಸಡಿಲ ಆಗತ್ತೆ. ಅದಕ್ಕೇ ವೈರ್ ಬ್ರಶ್ಶಿನಲ್ಲಿ ಉಜ್ಜಿ ಬರೀ ಲೋಹ ಕಾಣೋ ಹಾಗೆ ಮಾಡಬೇಕು. 50ರಿಂದ 100 ಕಿ.ಮೀ. ಓಡಿಸಿದ್ಮೇಲೆ ಟಾರ್ಕ್ ವ್ರೆಂಚ್ ಹಿಡಿದು ಮತ್ತೆ ಬಿಗಿ ನೋಡಬೇಕು. ಗಾಳಿ ಗನ್ನಲ್ಲಿ "ಟರ್‌ರ್" ಅನ್ನಿಸಿ ಕಳಿಸೋ ಅಂಗಡಿಯಲ್ಲಿ ಇದರ ಬಗ್ಗೆ ಒಂದು ಮಾತೂ ಬರಲ್ಲ.

ಆಮೇಲೆ ಉದ್ದ. ಇದು ಎಲ್ಲಕ್ಕಿಂತ ಮುಖ್ಯ, ಇದನ್ನೇ ಎಲ್ಲರೂ ಮರೆಯೋದು. 12 ಮಿ.ಮೀ. ದಪ್ಪದ ಬೋಲ್ಟು ಕಡೇಪಕ್ಷ 12 ಮಿ.ಮೀ. ಆಳಕ್ಕಾದ್ರೂ ಮರೆ ಹಿಡೀಬೇಕು ಅನ್ನೋದು ಗ್ಯಾರೇಜಿನ ಹಳೇ ಲೆಕ್ಕ. ಮರೆಯ ಅಂತರ 1.25 ಮಿ.ಮೀ. ಇದ್ರೆ ಒಂಬತ್ತೂವರೆ ಸುತ್ತು, 1.5 ಇದ್ರೆ ಎಂಟು ಸುತ್ತು. ಈಗ 8 ಮಿ.ಮೀ. ಸ್ಪೇಸರ್ ಹಾಕಿ ಅದೇ ಹಳೇ ಬೋಲ್ಟು ತಿರುಗಿಸಿದ್ರೆ ಆರು ಸುತ್ತಿಗೂ ಹೆಚ್ಚು ಹೋಯ್ತು. ಉಳಿದದ್ದು ಮೂರು. ಮೂರು ಸುತ್ತಿನ ಮೇಲೆ ನಿಮ್ಮ ಹೆಂಡತಿ ಮಗು ಹಿಂದೆ ಕೂತು ನಂದಿಬೆಟ್ಟದ ತಿರುವಿನಲ್ಲಿ ಇಳೀತಾ ಇದ್ದಾರೆ. ಬಿಗಿ ಆಗ್ಲಿಲ್ವಾ? ಆಗತ್ತೆ ಸ್ವಾಮಿ, ಮೂರು ಸುತ್ತಿನಲ್ಲೂ ಬಿಗಿ ಆದ ಹಾಗೆ ಕೈಗೆ ಅನ್ನಿಸತ್ತೆ. ಅದೇ ಅದರ ಮೋಸ. ಫಿಯಟ್ ತಲೆಮಾರಿನ ಬಹಳಷ್ಟು ಕಾರುಗಳಲ್ಲಿ ಬೋಲ್ಟು ಇರತ್ತೆ, ಸ್ಪೇಸರ್ ಹಾಕಿದ್ರೆ ಅಷ್ಟೇ ಉದ್ದ ಜಾಸ್ತಿ ಇರೋ ಬೋಲ್ಟು ಬೇಕೇ ಬೇಕು. ಅಂಬಾಸಿಡರ್, ಮಾರುತಿ 800 ಥರದವುಗಳಲ್ಲಿ ಹಬ್ಬಿನಿಂದ ಹೊರಗೆ ಚಾಚಿರೋ ಸ್ಟಡ್ಡು, ಅದಕ್ಕೆ ನಟ್ಟು. ಅಲ್ಲಿ ಸ್ಟಡ್ಡೇ ಬದಲಾಯಿಸಬೇಕು. ಕೈಯಲ್ಲೇ ತಿರುಗಿಸಿ ಸುತ್ತು ಎಣಿಸಿ. ಎಣಿಸೋಕೆ ಎಂಜಿನಿಯರಿಂಗ್ ಡಿಗ್ರಿ ಬೇಡ.

ಬಿಲ್ಲೆಯ ನಡುವಿನ ತೂತು ಇನ್ನೊಂದು ತಲೆನೋವು. ಬಹಳಷ್ಟು ಕಾರುಗಳಲ್ಲಿ ಹಬ್ಬಿನ ನಡುವೆ ಒಂದು ಉಬ್ಬು ಇರತ್ತೆ. ರಿಮ್ಮಿನ ತೂತು ಅದರ ಮೇಲೆ ಟೋಪಿ ಥರ ಕೂತು ಚಕ್ರ ಸರಿಯಾಗಿ ನಡುಮಧ್ಯಕ್ಕೆ ಬರತ್ತೆ. ದೊಡ್ಡ ತೂತಿನ ಅಗ್ಗದ ಬಿಲ್ಲೆ ಆ ಉಬ್ಬನ್ನ ನುಂಗಿ ಹಾಕತ್ತೆ. ಚಕ್ರ ಕೂದಲೆಳೆಯಷ್ಟು ಆಚೀಚೆ ಕೂತ್ರೂ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗತ್ತೆ. ಮಾಲೀಕ ವೀಲ್ ಬ್ಯಾಲೆನ್ಸಿಂಗಿಗೆ ಮೂರು ಸಲ ಹೋಗಿ ಬರ್ತಾನೆ. ಇದರ ಜೊತೆಗೆ, ಎಷ್ಟೋ ಫಿಯಟ್ ಕಾರುಗಳ ನಾಲ್ಕು ಬೋಲ್ಟಿನ ವೃತ್ತ 98 ಮಿ.ಮೀ. ವ್ಯಾಸದ್ದು. ಮಾರ್ಕೆಟ್ಟಿನಲ್ಲಿ ಸಿಗೋ ಅಲಾಯ್ ಜಾಸ್ತಿ 100ರದ್ದು. "ಎರಡು ಮಿಲಿಮೀಟರ್ ತಾನೇ ಸಾರ್, ಕೂರತ್ತೆ." ಕೂರತ್ತೆ. ಬೋಲ್ಟು ಸೊಟ್ಟಗೆ ಎಳ್ಕೊಂಡು ಕೂರತ್ತೆ. ಇನ್ನು ಸ್ಪೇಸರ್ ಸಿಗ್ಲಿಲ್ಲ ಅಂತ ಒಂದೊಂದು ಬೋಲ್ಟಿಗೂ ವಾಷರ್ ಪೋಣಿಸಿ ರಿಮ್ಮನ್ನ ಆಚೆ ತರೋ ಮಹಾನುಭಾವರೂ ಇದ್ದಾರೆ. ಅವರ ಬಗ್ಗೆ ಬರೆಯೋಕೆ ಈ ಪುಟದಲ್ಲಿ ಹಾಕಬಾರದ ಪದಗಳು ಬೇಕಾಗತ್ತೆ.

ಇಷ್ಟು ಬೈದ ಮೇಲೆ ಎದುರು ಪಕ್ಷದ ಮಾತೂ ಕೇಳಬೇಕು. "ಸ್ಪೇಸರ್ ಹಾಕಿದ್ರೆ ಬೇರಿಂಗ್ ಎಗರಿ ಹೋಗತ್ತೆ" ಅಂತ ಹೆದರಿಸೋ ಮಡಿವಂತರು ನಮ್ಮಲ್ಲಿ ಬೇಕಾದಷ್ಟಿದಾರೆ. ಅದು ಅರ್ಧಸತ್ಯ. ಬೇರಿಂಗಿಗೆ ನಡುವೆ ಬಿಲ್ಲೆ ಇದೆಯೋ ಇಲ್ವೋ ಗೊತ್ತಾಗಲ್ಲ. ಟಯರಿನ ನಡುಗೆರೆ ತನ್ನಿಂದ ಎಷ್ಟು ದೂರದಲ್ಲಿದೆ ಅನ್ನೋದಷ್ಟೇ ಅದಕ್ಕೆ ಲೆಕ್ಕ. ಇಟಿ ಜಾಸ್ತಿ ಇರೋ ರಿಮ್ಮು ಒಳಗೆ ಹೋಗಿತ್ತು, ಅಷ್ಟೇ ದಪ್ಪದ ಸ್ಪೇಸರ್ ಹಾಕಿ ಟಯರಿನ ನಡುಗೆರೆಯನ್ನ ಕಂಪನಿ ಇಟ್ಟ ಜಾಗಕ್ಕೇ ತಂದ್ರಿ ಅಂದ್ರೆ ಬೇರಿಂಗಿನ ಮೇಲೆ ಹೊಸ ಭಾರ ಏನೂ ಬೀಳಲ್ಲ. ತೊಂದರೆ ಶುರುವಾಗೋದು ಅಲ್ಲಿಂದಾಚೆ. "ಸ್ವಲ್ಪ ಹೊರಗೆ ಬಂದ್ರೆ ಗತ್ತು" ಅಂತ ಇನ್ನೊಂದು 25 ಮಿ.ಮೀ. ತಳ್ಳಿದಾಗ. ಆಗ ಬೇರಿಂಗಿಗಿಂತ ಮೊದಲು ನಿಮ್ಮ ಕೈಗೇ ಗೊತ್ತಾಗತ್ತೆ. ಮುಂದಿನ ಚಕ್ರ ಎಡ ಬಲಕ್ಕೆ ತಿರುಗೋ ಅಕ್ಷ ಒಂದಿದೆಯಲ್ಲ, ಅದನ್ನ ಗೆರೆ ಎಳೆದು ನೆಲಕ್ಕೆ ಮುಟ್ಟಿಸಿದ್ರೆ ಅದು ಟಯರಿನ ನಡುಗೆರೆಯ ಹತ್ತಿರ ಎಲ್ಲೋ ಬೀಳತ್ತೆ. ಆ ಎರಡರ ಅಂತರ ಎಷ್ಟಿರಬೇಕು ಅಂತ ಕಾರು ಮಾಡಿದವರು ತೂಗಿ ನೋಡಿರ್ತಾರೆ. ಚಕ್ರವನ್ನ ಹೊರಗೆ ತಳ್ಳಿದಷ್ಟೂ ಅಂತರ ಬೆಳೀತಾ ಹೋಗತ್ತೆ, ನೆಲದ ಪ್ರತಿ ಹೊಡೆತಕ್ಕೂ ಉದ್ದನೆಯ ಸನ್ನೆಗೋಲು ಸಿಕ್ಕ ಹಾಗಾಗತ್ತೆ. ಎಡಚಕ್ರ ಗುಂಡಿಗೆ ಬಿದ್ರೆ ಸ್ಟಿಯರಿಂಗು ಕೈಯಿಂದ ಕಿತ್ಕೊಳ್ಳತ್ತೆ. ನಾಲ್ಕೂ ಕಡೆ ಡ್ರಮ್ ಬ್ರೇಕಿರೋ ಕಾರಿನಲ್ಲಿ ಒಂದು ಕಡೆ ಬ್ರೇಕು ಸ್ವಲ್ಪ ಮೊದಲು ಹಿಡಿದ್ರೂ ಕಾರು ಆ ಕಡೆಗೆ ಎಳೆಯತ್ತೆ. ನಮ್ಮ ರಸ್ತೆಗಳಲ್ಲಿ ಗುಂಡಿಗೇನು ಬರ?

"ಜರ್ಮನಿಯಲ್ಲಿ ಎಲ್ಲರೂ ಹಾಕ್ತಾರಲ್ಲ?" ಇದು ಮುಂದಿನ ಪ್ರಶ್ನೆ. ಹಾಕ್ತಾರೆ. ಪೋರ್ಷೆ ಕಂಪನಿಯೇ ತನ್ನ ಕೆಲವು 911 ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಸ್ಪೇಸರ್ ಕೊಟ್ಟಿದೆ. ಹಾಗಾಗಿ ಸ್ಪೇಸರ್ ಅಂದ್ರೆ ಮಹಾಪಾಪ ಅನ್ನೋರ ಬಾಯಿ ಇಲ್ಲಿಗೆ ಮುಚ್ಚಲಿ. ಆದ್ರೆ ಅದೇ ಜರ್ಮನಿಯಲ್ಲಿ ಅಂಗಡಿಯಿಂದ ತಂದ ಸ್ಪೇಸರ್ ಜೊತೆ ಪರೀಕ್ಷಾ ವರದಿ ಬರತ್ತೆ. ಯಾವ ಕಾರು, ಯಾವ ರಿಮ್ಮು, ಯಾವ ಟಯರು, ಯಾವ ಉದ್ದದ ಬೋಲ್ಟು ಅಂತ ಅದರಲ್ಲಿ ಬರೆದಿರತ್ತೆ. ಟ್ಯೂಫ್ ಥರದ ಸಂಸ್ಥೆಯ ಪರೀಕ್ಷಕ ಬಗ್ಗಿ ನೋಡಿ ಸಹಿ ಹಾಕಬೇಕು. ನಾವು ಬಿಲ್ಲೆಯನ್ನ ಮಾತ್ರ ಆಮದು ಮಾಡ್ಕೊಂಡು ಪರೀಕ್ಷಕನನ್ನ ಅಲ್ಲೇ ಬಿಟ್ಟು ಬಂದಿದೀವಿ. ಪೀಣ್ಯದ ಲೇತಿನಲ್ಲಿ ಮಾಡಿಸಿದ್ರೆ ಕೆಟ್ಟದ್ದು ಅಂತಲೂ ನಾನು ಹೇಳ್ತಿಲ್ಲ. ಪೀಣ್ಯದವರು ಇದಕ್ಕಿಂತ ನಾಜೂಕಿನ ಕೆಲಸ ದಿನಾ ಮಾಡ್ತಾರೆ. ಡ್ರಾಯಿಂಗ್ ಕೊಟ್ರೆ ಡ್ರಾಯಿಂಗಿನ ಪ್ರಕಾರ ಮಾಡಿಕೊಡ್ತಾರೆ. ನಾವು ಕೊಡೋದು ಡ್ರಾಯಿಂಗ್ ಅಲ್ಲ, ವಾಟ್ಸಾಪಿನಲ್ಲಿ ಒಂದು ಫೋಟೋ, ಕೆಳಗೆ "ಇದೇ ಥರ ಬ್ರೋ" ಅಂತ.

ಸ್ಪೇಸರ್ ನಿಜವಾಗ್ಲೂ ಬೇಕಾಗೋ ಸಂದರ್ಭ ಇದೆ. ಮುಂದಿನ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಿದ್ರಿ, ಕ್ಯಾಲಿಪರ್ ರಿಮ್ಮಿಗೆ ಎರಡು ಮಿಲಿಮೀಟರಿನಲ್ಲಿ ತಾಗ್ತಿದೆ. ಬ್ರೇಕ್ ಸುಧಾರಿಸಿದ್ದೀರಿ, ಒಳ್ಳೇದೇ ಆಯ್ತು, ಅಲ್ಲಿ ಅಳತೆಗೆ ಸರಿಯಾದ ತೆಳು ಬಿಲ್ಲೆ, ಉದ್ದದ ಬೋಲ್ಟು ಹಾಕಿದ್ರೆ ತಪ್ಪೇನಿಲ್ಲ. ಸ್ಪ್ರಿಂಗು, ಬುಷ್ಷು, ಟಯರಿನ ಅಳತೆ ಎಲ್ಲಾ ಸರಿಮಾಡಿದ ಮೇಲೂ ಒಂದು ಕೂದಲಿನಷ್ಟು ಉಜ್ಜತ್ತೆ, ಅಲ್ಲೂ ಸರಿ. ಕೊನೇ ಔಷಧಿಯನ್ನ ಮೊದಲನೇ ಚಮಚ ಮಾಡ್ಕೊಂಡಿರೋದು ನನ್ನ ತಕರಾರು.

ಕಾನೂನಿನ ವಿಷ್ಯ ಬೇಗ ಮುಗಿಸ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ವಾಹನವನ್ನ ಬದಲಾಯಿಸಬಾರದು ಅನ್ನತ್ತೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಅದನ್ನೇ ಎತ್ತಿ ಹಿಡಿದಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ವಾಹನಗಳಿಗೆ. ಅದು ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅನ್ನತ್ತೆ. ನಿಮ್ಮ ಪದ್ಮಿನಿಗೆ ಇನ್ನೂ ಐವತ್ತು ತುಂಬಿಲ್ಲದೇ ಇರಬಹುದು. ತುಂಬೋ ದಿನಕ್ಕೆ ಕತ್ತರಿಸಿದ ಮಡ್‌ಗಾರ್ಡ್ ಇಟ್ಕೊಂಡು ಆರ್‌ಟಿಓ ಮುಂದೆ ನಿಲ್ಲೋದು ನಿಮ್ಮಿಷ್ಟ.

ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಮೇಲೆ ಹೇಳಿದ ಸುಣ್ಣದ ಪರೀಕ್ಷೆ, ಸ್ಪ್ರಿಂಗ್ ಬೋಲ್ಟು, ಬುಷ್ಷು, ಇದೆಲ್ಲಾ ಯಾವ ಮೇಸ್ತ್ರಿಯನ್ನ ಕೇಳಿದ್ರೂ ಹೇಳ್ತಾರೆ. ಕಲಾಸಿಪಾಳ್ಯ, ಶಿವಾಜಿನಗರದ ಸಂದಿಗಳಲ್ಲಿ ಅರವತ್ತು ದಾಟಿದ ಕೈಗಳು ಇನ್ನೂ ಇವೆ. ಕಾರನ್ನ ಒಂದು ಸಲ ಕುಲುಕಿ ನೋಡಿ "ಹಿಂದಿನ ಎಡಗಡೆ ಬುಷ್ ಹೋಗಿದೆ" ಅನ್ನೋ ಕೈಗಳು. ಅವರ ಹತ್ತಿರ ಹೋದ್ರೆ ಅರ್ಧ ದಿನ ಕಾರಿನ ಕೆಳಗೆ ಮಲಗಿ, ಏನೂ ಬದಲಾಯಿಸದೇ, "ಟಯರ್ ಚಿಕ್ಕದು ಹಾಕಿ, ಅಷ್ಟೇ" ಅಂದುಬಿಟ್ರೆ ನಾವು ಎಷ್ಟು ಕೊಡ್ತೀವಿ? "ಏನೂ ಮಾಡ್ಲಿಲ್ವಲ್ಲ ಭಾಯ್" ಅಂತ ನೂರು ರೂಪಾಯಿ ಕೈಗೆ ತುರುಕಿ ಬರ್ತೀವಿ. ಹಾಕಿದ ವಸ್ತು ಕಣ್ಣಿಗೆ ಕಾಣೋ ಹಾಗಿದ್ರೆ ಮಾತ್ರ ನಮ್ಮ ಜೇಬು ತೆರೆಯತ್ತೆ, ಯೋಚಿಸಿದ್ದಕ್ಕೆ ತೆರೆಯಲ್ಲ. ಗಂಟೆಗಿಷ್ಟು ಅಂತ ತಲೆಯನ್ನೇ ಬಿಲ್ ಮಾಡಿ ಬದುಕೋ ಕನ್ಸಲ್ಟೆಂಟುಗಳು ನಾವು, ನಾವೇ ಹೀಗೆ. ಹಾಗಿರುವಾಗ ಅವರ ಮಗ ಯಾಕೆ ಬುಷ್ ನೋಡೋದು ಕಲೀಬೇಕು? ಅವನೂ ಜೆ.ಸಿ. ರೋಡಿನ ಕಡೆ ಒಂದು ಅಂಗಡಿ ಹಾಕಿ ಸ್ಪೇಸರ್ ಮಾರ್ತಾನೆ. ನಾವೇ ಹೇಳಿಕೊಟ್ಟ ವ್ಯಾಪಾರ. ಪತ್ತೆ ಹಚ್ಚಿದ್ದಕ್ಕೆ ಒಂದು ಅಲಾಯ್ ರಿಮ್ಮಿನಷ್ಟಾದ್ರೂ ದುಡ್ಡು ಕೊಡೋ ಅಭ್ಯಾಸ ಮಾಡ್ಕೊಳ್ಳಿ, ಬಿಲ್ಲಿನಲ್ಲಿ "ನೋಡಿದ್ದಕ್ಕೆ" ಅಂತಲೇ ಬರೆಸಿ.

ಮತ್ತೆ ಆ ಮಡ್‌ಗಾರ್ಡ್. ಪದ್ಮಿನಿಯ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯ್ತು. ಸ್ಪೇಸರ್ ಬಿಚ್ಚಬಹುದು, ಟಯರ್ ಬದಲಾಯಿಸಬಹುದು. ಸುತ್ತಿಗೆಯಲ್ಲಿ ಮಡಚಿದ ತುಟಿಯಲ್ಲಿ ಪೇಂಟು ಬಿರುಕು ಬಿಟ್ಟು, ಎರಡು ಮಳೆಗಾಲದ ನೀರು ಒಳಗೆ ನಿಂತ ಮೇಲೆ ಆ ತಗಡನ್ನ ವಾಪಸ್ ತರೋಕಾಗಲ್ಲ. ಒಂದು ಕಾಲದಲ್ಲಿ ಗುಜರಿಯಲ್ಲಿ ಸಿಗ್ತಿತ್ತು. ಈಗ ಗುಜರಿಯವರೂ ಅದರ ಬೆಲೆ ತಿಳ್ಕೊಂಡಿದಾರೆ.

ಉಜ್ಜೋದು ನಿಲ್ಲಬೇಕು ಅಂದ್ರೆ ಮೊದಲು ಆ 185 ಇಳಿಸಿ. 155/80 ಆರ್14 ಅಳತೆಯ ರೇಡಿಯಲ್ ಲೆಕ್ಕ ಹಾಕಿ ನೋಡಿ: ಎರಡೂ ಗೋಡೆಯ ಎತ್ತರ ಸೇರಿ 248, ಜೊತೆಗೆ 14 ಇಂಚಿನ ರಿಮ್ಮಿನ 355.6, ಒಟ್ಟು 603 ಮಿ.ಮೀ. ಮೇಲೆ. ಹಳೇ 5.20-14ರ ಎತ್ತರಕ್ಕೆ ಅದು ಹತ್ತಿರ ಬರತ್ತೆ, ಸ್ಪೀಡೋಮೀಟರೂ ಸುಳ್ಳು ಹೇಳಲ್ಲ. ನಿಮ್ಮ 185/60 ಬರೀ 577. ಅದಕ್ಕೇ ಕಾರು ತಗ್ಗಿದ ಹಾಗೆ ಕಾಣೋದು, ಸ್ಪೀಡೋಮೀಟರು ಇಲ್ಲದ ವೇಗ ತೋರಿಸೋದು. ಸಣ್ಣ ಟಯರಿಗೆ ಸಣ್ಣ ರಿಮ್ಮೇ ಬೇಕು, ಕಂಪನಿಯ ಸ್ಟೀಲ್ ರಿಮ್ಮು. ಅಲಾಯ್ ಹಾಕಿಸಿದ ದಿನ ಟಯರ್ ಅಂಗಡಿಯವನು "ಹಳೇದು ಇಟ್ಕೊಳ್ತೀರಾ ಸಾರ್, ಇಲ್ಲಾ ನಾವೇ ತಗೊಂಡು ಐನೂರು ಕಮ್ಮಿ ಮಾಡ್ಲಾ?" ಅಂತ ಕೇಳಿದ್ನಲ್ಲ, ಆಗ ಏನಂದ್ರಿ?